ಪ್ರಾಣಿಶಾಸ್ತ್ರ ಎಂ.ಎಸ್ಸಿ.ಗೆ ಈ ವರ್ಷ ಸೇರಿದವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ನಾನು ಪ್ರಾಣಿಶಾಸ್ತ್ರವನ್ನೇ ಓದಿ, ಅದನ್ನೇ ಪಾಠ ಮಾಡಿ ನಿವೃತ್ತಳಾದವಳು. ಈಗ ನನಗೆ ತರಗತಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಆದರೆ ಹೇಳಬೇಕಾದ ಕೆಲವು ಮಾತು ಉಳಿದಿವೆ. ಅವನ್ನು ನೀವು ಮೊದಲ ಸೆಮಿಸ್ಟರಿನಲ್ಲೇ ಕೇಳಿಸಿಕೊಂಡರೆ ಒಳ್ಳೆಯದು ಎನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಅನೇಕರು ಯಾವ ದಾರಿಯಿಂದ ಇಲ್ಲಿಗೆ ಬಂದಿರಿ ಎಂಬುದು ನನಗೆ ಗೊತ್ತು. ಪ್ರತಿ ವರ್ಷ ಹೊಸ ತಂಡದ ಪರಿಚಯ ಮಾಡಿಕೊಳ್ಳುವಾಗ ಅದೇ ಮಾತು ಕೇಳುತ್ತಿದ್ದೆ. ನೀಟ್‌ನಲ್ಲಿ ಸೀಟು ಸಿಗಲಿಲ್ಲ ಮೇಡಂ, ಪಶುವೈದ್ಯಕೀಯವೂ ತಪ್ಪಿತು, ಹಾಗಾಗಿ ಬಿ.ಎಸ್ಸಿ. ಮಾಡಿದೆ. ಹೇಳುವಾಗ ತಲೆ ತಗ್ಗಿರುತ್ತಿತ್ತು. ಹಾಗೆ ತಲೆ ತಗ್ಗಿಸಿ ಬಂದವರಲ್ಲೇ ಕೆಲವರು ಎರಡನೇ ವರ್ಷದ ಹೊತ್ತಿಗೆ ರಾತ್ರಿ ಎಂಟಾದರೂ ಪ್ರಯೋಗಾಲಯದಿಂದ ಎದ್ದು ಹೋಗದಂಥ ವಿದ್ಯಾರ್ಥಿಗಳಾದದ್ದನ್ನು ಕಂಡಿದ್ದೇನೆ. ಆದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡೋಣ. ಯಾವ ಬಾಗಿಲಿನಿಂದ ಒಳಗೆ ಬಂದಿರಿ ಎಂಬುದನ್ನು ನಿಮ್ಮ ವಿಷಯ ಕೇಳುವುದಿಲ್ಲ.

ನನ್ನ ಕೋರಿಕೆ ಮುಖ್ಯವಾಗಿ ಒಂದೇ. ಈ ಎರಡು ವರ್ಷಗಳಲ್ಲಿ ಜೀವಂತವಾಗಿರುವ ಒಂದು ಪ್ರಾಣಿಯನ್ನು, ಅದು ಬದುಕುವ ಜಾಗದಲ್ಲೇ, ನಿಮ್ಮ ಸ್ವಂತ ಕಣ್ಣಿನಿಂದ ನೋಡಿ ತಿಳಿದುಕೊಳ್ಳಿ. ಚಿಕ್ಕದಿರಲಿ, ದೊಡ್ಡದಿರಲಿ, ಹುಲಿಯೇ ಆಗಬೇಕಾಗಿಲ್ಲ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇದನ್ನೂ ಕೇಳಿಕೊಳ್ಳಬೇಕೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಕೇಳಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ವೈವಾ ನಡೆಸಲು ಹೋಗಿದ್ದೆ. ಕೀಟನಾಶಕವೊಂದರಿಂದ ಕೊರವ ಮೀನಿನ ಪಿತ್ತಜನಕಾಂಗದಲ್ಲಿ ಏನೇನು ವ್ಯತ್ಯಾಸವಾಗುತ್ತದೆ ಎಂಬುದು ಪ್ರಬಂಧದ ವಿಷಯ. ಹುಡುಗ ಕಷ್ಟಪಟ್ಟು ದುಡಿದಿದ್ದ. ತೊಂಬತ್ತಾರು ಗಂಟೆಗಳಲ್ಲಿ ಅರ್ಧದಷ್ಟು ಮೀನು ಸಾಯುವ ವಿಷದ ಪ್ರಮಾಣ, ಕಿಣ್ವಗಳ ಪಟ್ಟಿ, ಬಣ್ಣದ ನಕ್ಷೆ, ಎಲ್ಲ ಕ್ರಮವಾಗಿತ್ತು. ನಾನು ಕೇಳಿದೆ: ಈ ಮೀನು ಮೊಟ್ಟೆಯಿಡುವುದು ಯಾವ ಕಾಲದಲ್ಲಿ? ಮರಿಗಳನ್ನು ಯಾರು ಕಾಯುತ್ತಾರೆ? ಅವನು ಸುಮ್ಮನೆ ನಿಂತ. ಮೀನುಗಳನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಯಾರೋ ತಂದುಕೊಟ್ಟಿದ್ದರು, ಅವು ಗಾಜಿನ ತೊಟ್ಟಿ ಸೇರಿದ್ದವು. ಕೆರೆಯಲ್ಲಿ ಕೊರವ ಹೇಗಿರುತ್ತದೆ ಎಂದು ನೋಡಲು ಅವನನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ.

ಇದು ಪರೀಕ್ಷಕಿಯ ಕೊಂಕು ಪ್ರಶ್ನೆಯಾಗಿರಲಿಲ್ಲ. ಗಾಳ ಹಾಕಿ ಬೆಳೆದ ಯಾವ ಹಳ್ಳಿ ಹುಡುಗನಾದರೂ ಉತ್ತರ ಹೇಳಬಲ್ಲ. ಮಳೆ ಹಿಡಿದ ಮೇಲೆ ಕೆರೆಯಂಚಿನ ಜೊಂಡಿನ ನಡುವೆ ಕೊರವ ಗೂಡಿನಂತೆ ಜಾಗ ಮಾಡಿಕೊಳ್ಳುತ್ತದೆ. ಮರಿಗಳು ನೀರಿನ ಮೇಲ್ಮೈಯಲ್ಲಿ ಗುಂಪಾಗಿ ಸುಳಿಯುತ್ತವೆ, ತಂದೆ ತಾಯಿ ಕೆಳಗೆ ಕಾವಲಿರುತ್ತವೆ. ಹೊಲಕ್ಕೆ ಸಿಂಪಡಿಸಿದ ಔಷಧಿ ಮಳೆ ನೀರಿನ ಜೊತೆ ಕೊಚ್ಚಿಕೊಂಡು ಕೆರೆಗೆ ಬರುವುದೂ ಅದೇ ಕಾಲದಲ್ಲಿ. ಅಂದರೆ ವಿಷ ಮೊದಲು ತಾಗುವುದು ಮರಿಗಳಿಗೆ. ಆ ಹುಡುಗ ವರ್ಷಗಟ್ಟಲೆ ಪರೀಕ್ಷಿಸಿದ್ದು ಬಲಿತ ಮೀನುಗಳನ್ನು. ಮಳೆಗಾಲದಲ್ಲಿ ಒಂದು ಸಲ ಕೆರೆಯ ಏರಿಯ ಮೇಲೆ ಕೂತಿದ್ದರೆ ಅವನ ಪ್ರಶ್ನೆಯೇ ಬೇರೆಯಾಗುತ್ತಿತ್ತು, ಪ್ರಬಂಧಕ್ಕೆ ಬೇರೆಯೇ ಬೆಲೆ ಬರುತ್ತಿತ್ತು.

ಇಂಥ ಪ್ರಬಂಧಗಳು ನಮ್ಮಲ್ಲಿ ಎಷ್ಟೋ ಇವೆ. ಯಾವುದೋ ಎಲೆಯ ರಸವನ್ನು ಬಿಳಿ ಇಲಿಗೆ ಕೊಡುವುದು, ರಕ್ತ ತೆಗೆದು ಅಳೆಯುವುದು, ಮುಂದಿನ ವಿದ್ಯಾರ್ಥಿಗೆ ಇನ್ನೊಂದು ಎಲೆ. ಇಲಿಯ ಮೇಲೆ ಕೆಲಸ ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಶರೀರಕ್ರಿಯೆ, ಹಾರ್ಮೋನು, ಔಷಧಿ ಇವುಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅಂಥ ಕೆಲಸದಿಂದಲೇ ಬಂದದ್ದು. ನನ್ನ ತಕರಾರು ಪ್ರಶ್ನೆಯಿಲ್ಲದೆ ಪ್ರಾಣಿಯನ್ನು ಕೊಲ್ಲುವುದರ ಬಗ್ಗೆ.

ನಮ್ಮಲ್ಲಿ ಯಂತ್ರಗಳಿಲ್ಲ, ಅನುದಾನವಿಲ್ಲ, ರಾಜ್ಯದ ವಿಶ್ವವಿದ್ಯಾಲಯದಲ್ಲಿ ಕೂತು ಇನ್ನೇನು ಮಾಡಲು ಸಾಧ್ಯ ಎಂಬ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಅದಕ್ಕೆ ಉತ್ತರವಾಗಿ ಧಾರವಾಡದ ಒಂದು ಕೆಲಸವನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್.ಕೆ. ಸೈದಾಪುರ ಮತ್ತು ಅವರ ವಿದ್ಯಾರ್ಥಿಗಳು ಕಪ್ಪೆಗಳ ಮೇಲೆ ಬಹುಕಾಲ ದುಡಿದರು. ನಮ್ಮ ಮನೆಯಂಗಳಕ್ಕೆ ಬರುವ ನೆಲಗಪ್ಪೆಯನ್ನು ನೀವು ನೋಡಿದ್ದೀರಿ. ಮಳೆಗಾಲದಲ್ಲಿ ಅದು ನಿಂತ ನೀರಿನಲ್ಲಿ ಉದ್ದನೆಯ ಲೋಳೆಯ ಎಳೆಗಳಲ್ಲಿ ಮೊಟ್ಟೆಯಿಡುತ್ತದೆ. ಹುಟ್ಟಿದ ಕರಿಯ ಗೊದಮೊಟ್ಟೆಗಳು ಗುಂಪುಗುಂಪಾಗಿ ಇರುತ್ತವೆ. ಆ ಗುಂಪಿನಲ್ಲಿ ಒಂದು ಗೊದಮೊಟ್ಟೆಗೆ ತನ್ನ ಒಡಹುಟ್ಟಿದವು ಯಾವುವು, ಬೇರೆ ತಾಯಿಯವು ಯಾವುವು ಎಂಬುದು ಗೊತ್ತಾಗುತ್ತದೆಯೇ? ಅವರು ಕೇಳಿಕೊಂಡ ಪ್ರಶ್ನೆ ಇದು.

ಪ್ರಯೋಗಕ್ಕೆ ಬಳಸಿದ್ದು ಒಂದು ಆಯತಾಕಾರದ ತೊಟ್ಟಿ. ಎರಡು ತುದಿಗಳಲ್ಲಿ ಜಾಲರಿ ಹಾಕಿ ಬೇರ್ಪಡಿಸಿದ ಕೋಣೆ. ಮೊದಲು ಎರಡೂ ಕೋಣೆಗಳನ್ನು ಖಾಲಿ ಬಿಟ್ಟು ನೋಡಿದರು. ಗೊದಮೊಟ್ಟೆಗಳು ಯಾವ ಕಡೆಗೂ ವಾಲಲಿಲ್ಲ. ಅಂದರೆ ತೊಟ್ಟಿಯಲ್ಲಾಗಲಿ, ಪರೀಕ್ಷೆಯ ವಿಧಾನದಲ್ಲಾಗಲಿ ಪಕ್ಷಪಾತವಿಲ್ಲ. ಈ ಹೆಜ್ಜೆಯನ್ನು ದಯವಿಟ್ಟು ಗಮನಿಸಿ, ಅವಸರದವರು ಮೊದಲು ಬಿಟ್ಟುಬಿಡುವುದು ಇದನ್ನೇ. ಆಮೇಲೆ ಒಂದು ತುದಿಯಲ್ಲಿ ಒಡಹುಟ್ಟಿದವನ್ನೂ ಇನ್ನೊಂದು ತುದಿಯಲ್ಲಿ ಬೇರೆಯವನ್ನೂ ಇಟ್ಟರು. ಪರೀಕ್ಷೆಗೆ ಬಿಟ್ಟ ಗೊದಮೊಟ್ಟೆಗಳಲ್ಲಿ ಹೆಚ್ಚಿನವು ಬಹುಪಾಲು ಸಮಯವನ್ನು ಒಡಹುಟ್ಟಿದವುಗಳ ಕಡೆಯೇ ಕಳೆದವು. ಜೊತೆಯಲ್ಲೇ ಬೆಳೆದ ಗುರುತಿನಿಂದ ಹೀಗಾಗುತ್ತಿರಬಹುದಲ್ಲ? ಅದಕ್ಕಾಗಿ ಕೆಲವನ್ನು ಮೊಟ್ಟೆಯಿಂದಲೇ ಒಂಟಿಯಾಗಿ ಬೆಳೆಸಿದರು. ಹುಟ್ಟಿದ ಮೇಲೆ ಯಾರನ್ನೂ ನೋಡದವೂ ತಮ್ಮವರನ್ನು ಗುರುತಿಸಿದವು. ಆಹಾರದ ವಾಸನೆಯ ಪಾತ್ರವನ್ನೂ ಯೋಚಿಸಿದ್ದರು. ಪರೀಕ್ಷೆಗೆ ಮೊದಲು ಎಲ್ಲಕ್ಕೂ ಕೊಟ್ಟದ್ದು ಒಂದೇ ಆಹಾರ, ಬೇಯಿಸಿದ ಪಾಲಕ್ ಸೊಪ್ಪು. 2000ದಲ್ಲಿ ಈ ಕೆಲಸ ‘ಜರ್ನಲ್ ಆಫ್ ಬಯೋಸೈನ್ಸಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ತೊಟ್ಟಿ, ಜಾಲರಿ, ಪಾಲಕ್ ಸೊಪ್ಪು. ಇವುಗಳಲ್ಲಿ ನಿಮ್ಮ ವಿಭಾಗಕ್ಕೆ ಎಟುಕದ್ದು ಯಾವುದಿದೆ? ಎಟುಕಿಸಿಕೊಳ್ಳಬೇಕಾದದ್ದು ಒಂದು ಅನುಮಾನದ ಹಿಂದೆ ಇನ್ನೊಂದು ಅನುಮಾನವನ್ನು ಎತ್ತಿ, ಒಂದೊಂದನ್ನೂ ಪರೀಕ್ಷೆಗೆ ಒಡ್ಡುವ ಶಿಸ್ತು. ಆ ಶಿಸ್ತನ್ನು ಕಲಿಯುವುದಕ್ಕಾಗಿಯೇ ನೀವು ಈ ವಿಭಾಗಕ್ಕೆ ಬಂದಿದ್ದೀರಿ.

ಮೈಸೂರಿಗೆ ಬನ್ನಿ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ.ಆರ್. ರಾಜಶೇಖರ ಶೆಟ್ಟಿ ಅವರು. ಹಣ್ಣಿನ ಮೇಲೆ ಹಾರಾಡುವ ಡ್ರೊಸೊಫಿಲಾ ನೊಣಗಳ ತಳಿಶಾಸ್ತ್ರಕ್ಕೆ ಆ ವಿಭಾಗ ಹೆಸರಾಯಿತು. ಅಲ್ಲಿ ನೊಣಗಳಿಗೆ ಹಾಕುವ ಆಹಾರವನ್ನು ರವೆ, ಬೆಲ್ಲ, ಅಗರ್ ಸೇರಿಸಿ ಒಲೆಯ ಮೇಲೆ ಕುದಿಸಿ ಮಾಡುತ್ತಾರೆ. ಬೂಷ್ಟು ಹಿಡಿಯದಿರಲಿ ಎಂದು ಸ್ವಲ್ಪ ಪ್ರೊಪಿಯಾನಿಕ್ ಆಮ್ಲ ಬೆರೆಸುತ್ತಾರೆ. ಆ ಬಾಟಲಿಗಳಲ್ಲಿ ತಲೆಮಾರಿನ ಮೇಲೆ ತಲೆಮಾರು ನೊಣ ಬೆಳೆಸಿ ಎಚ್.ಎ. ರಂಗನಾಥ್ ಮತ್ತು ಅವರ ಸಂಗಡಿಗರು ಮಾಡಿದ ಕೆಲಸ ದೊಡ್ಡದು. ನಸುಟ ಎಂಬ ನೊಣಕ್ಕೆ ಎಂಟು ವರ್ಣತಂತುಗಳು, ಅದರ ಹತ್ತಿರದ ಬಂಧು ಆಲ್ಬೊಮಿಕನ್ಸ್‌ಗೆ ಆರು. ಇವೆರಡನ್ನೂ ಕೂಡಿಸಿ, ಮಿಶ್ರ ಸಂತತಿಯನ್ನು ಬಿಡದೆ ಬೆಳೆಸಿದಾಗ ವರ್ಣತಂತುಗಳ ಹೊಸ ಜೋಡಣೆಯುಳ್ಳ ವಂಶಗಳು ರೂಪುಗೊಂಡು ನೆಲೆನಿಂತವು. ವಿಕಾಸ ಎಂದರೆ ಲಕ್ಷಾಂತರ ವರ್ಷ ಹಿಂದೆ ನಡೆದು ಮುಗಿದ ಕಥೆ ಎಂದು ನಾವು ಓದಿರುತ್ತೇವೆ. ಅದರ ಒಂದು ಹೆಜ್ಜೆಯನ್ನು ಮೈಸೂರಿನ ಬಾಟಲಿಗಳಲ್ಲಿ ಕಣ್ಣಾರೆ ಕಂಡರು.

ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದ ರಾಘವೇಂದ್ರ ಗದಗಕರ್ ಅವರ ಹೆಸರು ನೀವು ಕೇಳಿರುತ್ತೀರಿ. ಅವರು ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ದಶಕಗಳ ಕಾಲ ನೋಡಿದರು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡುವುದು, ಗೂಡಿನ ಮುಂದೆ ಕೂತು ಯಾರು ಯಾರಿಗೆ ಏನು ಮಾಡಿದರು ಎಂದು ಬರೆದುಕೊಳ್ಳುವುದು. ಆ ಗೂಡಿನ ರಾಣಿ ಬಲು ಸಾಧು. ಅವಳನ್ನು ತೆಗೆದರೆ ಕೆಲಸಗಾರ್ತಿಯರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಉಗ್ರಳಾಗುತ್ತಾಳೆ, ಮುಂದೆ ಅವಳೇ ರಾಣಿಯಾಗುತ್ತಾಳೆ, ಆಮೇಲೆ ಮತ್ತೆ ಸಾಧುವಾಗುತ್ತಾಳೆ. ನಮ್ಮ ಕಟ್ಟಡಗಳ ಕಿಟಕಿ, ಸಜ್ಜಗಳ ಕೆಳಗೆ ಈ ಕಣಜದ ಗೂಡುಗಳಿರುತ್ತವೆ. ಪೊರಕೆಯಿಂದ ಹೊಡೆದು ಬೀಳಿಸುವ ಮೊದಲು ಒಂದು ವಾರ ನೋಡಿ.

ಎರಡನೆಯದಾಗಿ ಹೇಳಬೇಕಾದದ್ದು ಪ್ರಾಣಿಯ ಗುರುತು ಹಿಡಿಯುವ ವಿದ್ಯೆಯ ಬಗ್ಗೆ. ವರ್ಗೀಕರಣ ಎಂದರೆ ಹಳೆಯ ಕಾಲದ್ದು, ಅಂಕ ಬಾರದ್ದು, ಡಿಎನ್‌ಎ ಪರೀಕ್ಷೆ ಇರುವಾಗ ಯಾಕೆ ಬೇಕು ಎನ್ನುವವರು ಹೆಚ್ಚಾಗಿದ್ದಾರೆ. ಯಾಕೆ ಬೇಕೆಂಬುದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಹೇಳುತ್ತೇನೆ. ನಾನು ಸಾಗರದ ಕಡೆಯವಳು. ಮಂಗನ ಕಾಯಿಲೆಯ ಭಯದಲ್ಲಿ ಬೇಸಗೆ ಕಳೆದ ಊರುಗಳು ನಮ್ಮವು. ತೋಟದಲ್ಲೋ ಸೊಪ್ಪಿನ ಬೆಟ್ಟದಲ್ಲೋ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂದರೆ ಆ ದಿಕ್ಕಿಗೆ ದರಗು ತರಲು ಯಾರೂ ಹೋಗುತ್ತಿರಲಿಲ್ಲ. ಹೋಗಲೇಬೇಕಾದವರು, ಉಣುಗು ಕಚ್ಚದಿರಲೆಂದು ಆರೋಗ್ಯ ಇಲಾಖೆಯವರು ಕೊಟ್ಟ ಡಿಎಂಪಿ ಎಣ್ಣೆಯನ್ನು ಕೈಕಾಲಿಗೆ ಬಳಿದುಕೊಂಡು ಹೋಗುತ್ತಿದ್ದರು. 2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಕಾಣಿಸಿಕೊಂಡು ಜನ ಸತ್ತದ್ದು ನಿಮಗೂ ನೆನಪಿರಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನಕ್ಕೆ ಜ್ವರ ಹಿಡಿದಾಗ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಬೇರ್ಪಡಿಸಿದರು. ಆದರೆ ವೈರಸ್ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಹೊತ್ತು ತಿರುಗುವವರು ಯಾರು? ಬಿಳಿಯ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದು, ಅದಕ್ಕೆ ಹತ್ತಿದ ಉಣುಗುಗಳನ್ನು ಚಿಮಟದಿಂದ ಹೆಕ್ಕಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದರ ಪ್ರಭೇದವನ್ನು ಗುರುತಿಸಬೇಕಾಯಿತು. ಉಣುಗಿನಲ್ಲೂ ಮರಿ, ಎಳೆಯದು, ಬಲಿತದ್ದು ಎಂಬ ಹಂತಗಳಿವೆ. ಸಾಸಿವೆಗಿಂತ ಚಿಕ್ಕದಾದ ಮರಿಗಳಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸಲು ವರ್ಷಗಟ್ಟಲೆ ಪಳಗಿದ ಕಣ್ಣು ಬೇಕು. ಅಂಥ ಕಣ್ಣುಳ್ಳವರು ಕೂತು ನೋಡಿದ್ದರಿಂದಲೇ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮುಖ್ಯ ವಾಹಕವೆಂದು ಗೊತ್ತಾಯಿತು. ಮಳೆ ಕಳೆದು ಕಾಡು ಒಣಗುವ ತಿಂಗಳುಗಳಲ್ಲಿ ಅದರ ಎಳೆಯ ಹಂತ ಹೆಚ್ಚುತ್ತದೆ, ಜನರನ್ನು ಕಚ್ಚುವುದು ಮುಖ್ಯವಾಗಿ ಆ ಹಂತವೇ, ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳಿಂದ ಆ ಜಾಗ ಅಪಾಯದ್ದಾಗುತ್ತದೆ ಎಂಬುದೆಲ್ಲ ತಿಳಿಯಿತು. ಎಣ್ಣೆಯನ್ನು ಯಾವ ತಿಂಗಳಲ್ಲಿ ಹಂಚಬೇಕು, ಎಲ್ಲಿಗೆ ಹೋಗಬಾರದು ಎಂದು ಇವತ್ತು ಹೇಳಲಾಗುತ್ತಿರುವುದು ಆ ತಿಳಿವಳಿಕೆಯಿಂದ. ಮಲೆನಾಡಿನ ಒಂದು ಜಿಲ್ಲೆಯಲ್ಲಿ ಉಣುಗಿನ ಪ್ರಭೇದ ಗುರುತಿಸಬಲ್ಲವರು ಎಷ್ಟು ಮಂದಿ ಇದ್ದಾರೆ ಎಂದು ನಿಮ್ಮ ಅಧ್ಯಾಪಕರನ್ನು ಕೇಳಿ ನೋಡಿ. ಆ ಕೊರತೆ ತುಂಬಲು ನಿಮ್ಮಲ್ಲಿ ಒಬ್ಬರಾದರೂ ಮುಂದೆ ಬರಲಿ ಎಂಬುದು ನನ್ನ ಆಸೆ.

ಗುರುತಿಸಬೇಕಾದದ್ದೆಲ್ಲ ಮುಗಿದಿದೆ ಎಂದೂ ತಿಳಿಯಬೇಡಿ. ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಕಪ್ಪೆಯೊಂದನ್ನು 2016ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಸಿಕ್ಕಿದ್ದು ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲಿನಲ್ಲಿ, ಸಾವಿರಾರು ವಿದ್ಯಾರ್ಥಿಗಳು ಓಡಾಡುವ ಊರಿನಲ್ಲಿ. ಅದರ ಕೂಗು ಚೀರುಂಡೆಯ ಸದ್ದಿನ ಹಾಗಿರುವುದರಿಂದ ಕೇಳಿದವರು ಕಪ್ಪೆಯೆಂದು ಎಣಿಸಿರಲಿಕ್ಕಿಲ್ಲ. ಮುರಕಲ್ಲಿನ ನೆನಪಿಗೆ ಅದಕ್ಕೆ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟರು. ಅದಕ್ಕೆ ಎರಡು ವರ್ಷ ಮುಂಚೆ, ಮಲೆನಾಡಿನ ಹಳ್ಳಗಳಲ್ಲಿ ಗಂಡು ಕಪ್ಪೆ ಕೈಯಿಂದ ಕೆಸರು ಎತ್ತಿ ತನ್ನ ಮೊಟ್ಟೆಗಳಿಗೆ ಮೆತ್ತುವುದನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು ದಾಖಲಿಸಿ, ಆ ಪ್ರಭೇದಕ್ಕೆ ಕುಂಬಾರ ಎಂದೇ ಹೆಸರು ಕೊಟ್ಟಿದ್ದರು. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನಿನ ಕಥೆ ಇನ್ನೂ ವಿಚಿತ್ರ. ಗಾಳ ಹಾಕುವವರಿಗೆ ಅದು ಶತಮಾನಕ್ಕೂ ಹಿಂದಿನಿಂದ ಪರಿಚಿತ. ಆದರೆ ಅದು ಟಾರ್ ರೆಮದೇವಿಯೈ ಎಂಬ ಪ್ರಭೇದವೇ ಎಂದು ಖಚಿತವಾದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಮೀನು ಅಳಿವಿನ ಅಂಚಿಗೆ ಬಂದಿತ್ತು. ಹೆಸರು ಖಚಿತವಾಗದ ಪ್ರಾಣಿಯನ್ನು ಉಳಿಸಿಕೊಡಿ ಎಂದು ಯಾವ ಇಲಾಖೆಯ ಮುಂದೆ ಅರ್ಜಿ ಹಾಕುತ್ತೀರಿ?

ನಮ್ಮ ತಲೆಮಾರಿನವರು ಕಪ್ಪೆ ಕೊಯ್ದು ಕಲಿತವರು. ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿ, ನರ ರಕ್ತನಾಳಗಳನ್ನು ಬಿಡಿಸಿ ತೋರಿಸಿದರೆ ಅಂಕ. ಯುಜಿಸಿ ಮೊದಲು 2011ರಲ್ಲಿ, ಆಮೇಲೆ 2014ರಲ್ಲಿ ಅದನ್ನು ನಿಲ್ಲಿಸುವ ಕ್ರಮ ಕೈಗೊಂಡಿತು. ಸರಿಯಾದ ನಿರ್ಧಾರವೇ. ಅಷ್ಟು ಕಪ್ಪೆಗಳನ್ನು ಹಿಡಿದು ಕೊಂದು ಕಲಿತದ್ದು ಕಡಿಮೆ, ಕಳೆದದ್ದು ಹೆಚ್ಚು. ಆದರೆ ಕೊಯ್ಯುವುದನ್ನು ಬಿಟ್ಟ ಜಾಗದಲ್ಲಿ ಬದುಕಿರುವ ಕಪ್ಪೆಯನ್ನು ನೋಡುವ ಪಾಠ ಬರಬೇಕಿತ್ತು, ಬಂದದ್ದು ಪ್ಲಾಸ್ಟಿಕ್ ಹೊದಿಸಿದ ಚಾರ್ಟು. ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಡಿ. ತಿಂಗಳಿಗೊಂದು ಸಲ ಕೆರೆಗೋ ಗುಡ್ಡಕ್ಕೋ ಕರೆದುಕೊಂಡು ಹೋಗಿ ಎಂದು ನೀವೇ ಕೇಳಿ. ವಿದ್ಯಾರ್ಥಿಗಳು ಒಗ್ಗಟ್ಟಾಗಿ ವಿನಯದಿಂದ ಕೇಳಿದರೆ ಇಲ್ಲವೆನ್ನುವ ಅಧ್ಯಾಪಕರು ಕಡಿಮೆ.

ಹೊರಗೆ ಹೋಗುವಾಗ ಜೊತೆಗೊಂದು ಪುಸ್ತಕವಿರಲಿ. ದಿನಾಂಕ, ಹೊತ್ತು, ಸ್ಥಳ, ಮಳೆಯೋ ಬಿಸಿಲೋ, ಕಂಡದ್ದು. ಪೆನ್ಸಿಲಿನಲ್ಲಿ ಬರೆಯಿರಿ, ಮಳೆಗೆ ಕಲಸುವುದಿಲ್ಲ. ಆಲ್ಕೊಹಾಲಿನ ಸೀಸೆಯೊಳಗೆ ಹಾಕುವ ಚೀಟಿಯೂ ಪೆನ್ಸಿಲಿನದೇ ಆಗಿರಲಿ, ಸಾಮಾನ್ಯ ಪೆನ್ನಿನ ಶಾಯಿ ಕರಗಿಹೋಗುತ್ತದೆ. ಸಂಜೆ ಹಾಸ್ಟೆಲಿಗೆ ಬಂದ ಮೇಲೆ ಬರೆಯುತ್ತೇನೆ ಎಂದರೆ ಅದು ನೆನಪಾಗುತ್ತದೆಯೇ ಹೊರತು ದಾಖಲೆಯಾಗುವುದಿಲ್ಲ. ಚೀಟಿಯಿಲ್ಲದ ಮಾದರಿಗೆ ಬೆಲೆಯಿಲ್ಲ. ನಮ್ಮ ಕೆಲವು ವಿಭಾಗಗಳ ಸಂಗ್ರಹಾಲಯಗಳಲ್ಲಿ ಅಮೂಲ್ಯವಾದ ಹಳೆಯ ಮಾದರಿಗಳು ಚೀಟಿ ಕಳೆದುಕೊಂಡು ಅನಾಥವಾಗಿ ನಿಂತಿವೆ. ನಿಮ್ಮ ವಿಭಾಗದಲ್ಲಿ ಅಂಥ ಕಪಾಟಿದ್ದರೆ ಅನುಮತಿ ಪಡೆದು ಅದನ್ನು ಸರಿಪಡಿಸುವ ಕೆಲಸ ಹಚ್ಚಿಕೊಳ್ಳಿ. ಯಾವ ಪಠ್ಯಪುಸ್ತಕವೂ ಅಷ್ಟು ಕಲಿಸುವುದಿಲ್ಲ.

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. ಪ್ರಯೋಗ ಮುಗಿದ ಮೇಲೆ ಯಾರಿಗಾದರೂ ಹಣ ಕೊಟ್ಟು ಲೆಕ್ಕ ಮಾಡಿಸುವ ಅಭ್ಯಾಸ ಹೆಚ್ಚುತ್ತಿದೆ. ಎಷ್ಟು ಪ್ರಾಣಿ ಬೇಕು, ಹೋಲಿಕೆಗೆ ಏನಿಡಬೇಕು ಎಂಬುದು ಪ್ರಯೋಗಕ್ಕೆ ಮೊದಲೇ ತೀರ್ಮಾನವಾಗಬೇಕಾದದ್ದು. ಪ್ರಯೋಗಾಲಯದಲ್ಲಿ ಇಲಿ, ಮೊಲದಂಥವುಗಳ ಮೇಲೆ ಕೆಲಸವೆಂದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ, ಕಾಡಿನಲ್ಲಿ ಎಂದರೆ ಅರಣ್ಯ ಇಲಾಖೆಯ ಅನುಮತಿ, ಇವೆರಡನ್ನೂ ಕಾಗದದ ಕಾಟವೆಂದು ಬಗೆಯಬೇಡಿ. 1972ರ ವನ್ಯಜೀವಿ ಕಾಯ್ದೆ ಸಂಶೋಧಕರಿಗೂ ಅನ್ವಯಿಸುತ್ತದೆ. ಅಪರೂಪದ ಪ್ರಾಣಿಯ ಗೂಡು, ಬಿಲದ ಜಾಗವನ್ನು ಫೋಟೊ ಸಮೇತ ಎಲ್ಲರಿಗೂ ಹಂಚಬೇಡಿ.

ಹುಡುಗಿಯರಿಗೆ ಪ್ರತ್ಯೇಕವಾಗಿ ಒಂದು ಮಾತು. ಈಗ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ನೀವೇ ಹೆಚ್ಚಿಗೆ ಕಾಣುತ್ತೀರಿ. ಕಪ್ಪೆ ಕೂಗುವುದು, ಬಾವಲಿ ಹೊರಡುವುದು ರಾತ್ರಿಯೇ. ನಮ್ಮ ಕಾಲದಲ್ಲಿ ರಾತ್ರಿ ಕೆಲಸವೆಂದರೆ ಹುಡುಗಿಯರಿಗೆ ಬೇಡ ಎಂದು ವಿನಾಯಿತಿ ಕೊಡುತ್ತಿದ್ದರು. ಅದು ದಯೆಯಂತೆ ಕಂಡರೂ ಪರಿಣಾಮದಲ್ಲಿ ಒಂದು ಇಡೀ ಕ್ಷೇತ್ರವನ್ನೇ ನಮಗೆ ಮುಚ್ಚಿತು. ನೀವು ವಿನಾಯಿತಿ ಕೇಳಬೇಡಿ. ವಾಹನ ಕೇಳಿ, ಜೊತೆಗೊಬ್ಬರು ಬೇಕೆಂದು ಕೇಳಿ, ಹಾಸ್ಟೆಲಿನ ಬಾಗಿಲು ತೆರೆಯುವ ಲಿಖಿತ ಅನುಮತಿ ಕೇಳಿ. ಅದು ನಿಮ್ಮ ಹಕ್ಕು.

ಪಿಎಚ್.ಡಿ.ಗೆ ಮುಂದುವರಿಯುವ ಆಲೋಚನೆಯಿರುವವರು ಗೈಡ್ ಆರಿಸುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ. ಎಷ್ಟು ಸಮಯ ಕೊಡುತ್ತಾರೆ, ವಿದ್ಯಾರ್ಥಿಯ ಹೆಸರನ್ನು ಲೇಖನದಲ್ಲಿ ಮೊದಲು ಹಾಕುತ್ತಾರೆಯೇ ಎಂದು ವಿಚಾರಿಸಿ. ಗೈಡಿನ ಮನೆಯ ತರಕಾರಿ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು ಸಂಶೋಧನೆಯ ಭಾಗವಲ್ಲ. ಗೌರವ ಕೊಡಿ, ಕಲಿಸಿದ್ದಕ್ಕೆ ಕೃತಜ್ಞರಾಗಿರಿ, ಆ ಕೆಲಸಗಳಿಗೆ ಮಾತ್ರ ನಯವಾಗಿ ಇಲ್ಲವೆನ್ನಿ. ಹಣ ಕಳಿಸಿದರೆ ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳಿಗೆ ನಿಮ್ಮ ದುಡಿಮೆಯನ್ನು ಒಪ್ಪಿಸಬೇಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿದೆ. ಅವಸರಕ್ಕೆ ಆ ನೆಪವೂ ಈಗ ಉಳಿದಿಲ್ಲ.

ಕೆಲಸದ ವಿಚಾರದಲ್ಲಿ ಸುಳ್ಳು ಭರವಸೆ ಕೊಡಲಾರೆ. ಕಾಯಂ ಅಧ್ಯಾಪಕ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತವೆ, ಚೆನ್ನಾಗಿ ಓದಿದವರು ಅತಿಥಿ ಉಪನ್ಯಾಸಕರಾಗಿಯೇ ನಲವತ್ತು ದಾಟುತ್ತಾರೆ. ಅದಕ್ಕೆ ಹೊಣೆ ನೀವಲ್ಲ, ಸರ್ಕಾರ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ದೊರೆತರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಮನೆಯವರ ಮೇಲೆ ಭಾರ ಹಾಕದೆ ಸಂಶೋಧನೆ ಮಾಡಲು ಅದು ಸಾಕು, ಆದ್ದರಿಂದ ಮೊದಲ ವರ್ಷದಿಂದಲೇ ತಯಾರಿ ನಡೆಸಿ. ಕಾಲೇಜಿನ ಆಚೆಗೂ ದಾರಿಗಳಿವೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದು ರೇಷ್ಮೆ ಹುಳುಗಳನ್ನು ಹಾಳುಮಾಡತೊಡಗಿದಾಗ ರೈತನ ನೆರವಿಗೆ ಬಂದದ್ದು ಅದರ ಜೀವನಚಕ್ರ ಬಲ್ಲವರು. ಆ ನೊಣದ ಕೋಶದೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜವನ್ನು ಇವತ್ತಿಗೂ ಹುಳು ಮನೆಗಳಲ್ಲಿ ಬಿಡುತ್ತಾರೆ. ರೇಷ್ಮೆ, ಮೀನುಗಾರಿಕೆ, ಸೊಳ್ಳೆ ನಿಯಂತ್ರಣ, ಅರಣ್ಯ, ಎಲ್ಲ ಕಡೆಯೂ ಒಂದು ಗುಂಪಿನ ಪ್ರಾಣಿಗಳನ್ನು ಆಳವಾಗಿ ಬಲ್ಲವರಿಗೆ ಬೇಡಿಕೆಯಿದೆ. ಎಲ್ಲವನ್ನೂ ಅಷ್ಟಿಷ್ಟು ಬಲ್ಲವರಿಗೆ ಕಡಿಮೆ.

ಕೊನೆಯದಾಗಿ ಒಂದು ಬೇಡಿಕೆ. ಮೀನಿನ ಬಗ್ಗೆ ಬೆಸ್ತರನ್ನು, ಜೇನಿನ ಬಗ್ಗೆ ಜೇನು ಕೀಳುವವರನ್ನು, ಕಾಡಿನ ಬಗ್ಗೆ ಅಲ್ಲಿನ ಸೋಲಿಗರನ್ನು, ಕುಣುಬಿಯವರನ್ನು ಮಾತಾಡಿಸಿ. ಅವರು ಹೇಳಿದ್ದನ್ನು ಬಳಸಿಕೊಂಡಾಗ ಪ್ರಬಂಧದಲ್ಲಿ ಆ ಉಪಕಾರ ಸ್ಮರಣೆ ಬರಲಿ. ಕೆಲಸ ಮುಗಿದ ಮೇಲೆ ಆ ಊರಿಗೆ ಮತ್ತೆ ಹೋಗಿ, ಏನು ತಿಳಿಯಿತೆಂದು ಕನ್ನಡದಲ್ಲಿ ಹೇಳಿ ಬನ್ನಿ. ನಿಮ್ಮ ವಿದ್ಯಾರ್ಥಿವೇತನದಲ್ಲಿ ಅವರ ತೆರಿಗೆಯ ಪಾಲೂ ಇದೆ.

ಮೊದಲ ಸೆಮಿಸ್ಟರಿನ ಪರೀಕ್ಷೆಗಳು ಬರುವ ಮುಂಚೆ ನಿಮ್ಮ ಪ್ರಾಣಿ ಯಾವುದೆಂದು ನಿರ್ಧರಿಸಿ. ಅದರ ಬಗ್ಗೆ ಪುಸ್ತಕದಿಂದ ನಕಲು ಮಾಡದ, ನೀವೇ ಕಂಡು ಬರೆದ ಹತ್ತು ಪುಟಗಳನ್ನು ನಿಮ್ಮ ಅಧ್ಯಾಪಕರ ಕೈಗೆ ಕೊಟ್ಟು, ಇದರಲ್ಲಿ ಸಂಶೋಧನೆಗೆ ತಕ್ಕ ಪ್ರಶ್ನೆ ಇದೆಯೇ ನೋಡಿ ಎಂದು ಕೇಳಿ.



ಇತಿ ನಿಮ್ಮ ಹಿತೈಷಿ,
ಪ್ರಾಣಿಶಾಸ್ತ್ರದ ಒಬ್ಬ ನಿವೃತ್ತ ಅಧ್ಯಾಪಕಿ
ಸಾಗರ, ಶಿವಮೊಗ್ಗ ಜಿಲ್ಲೆ